ಕಡಲ ನಗರದಲ್ಲಿ ಏಳು ದಿನ: ಗಾಳಿ, ಅಲೆ, ತಿಥಿ ನೋಡಿ ಪ್ರವಾಸ ಹೂಡುವ ಬಗೆ

ಒಮ್ಮೆ ಒಂದು ಕಡಲ ನಗರಕ್ಕೆ ಹೋದಾಗ ಅಲ್ಲಿನ ದ್ವೀಪವನ್ನು ಕೊನೆಯ ದಿನಕ್ಕೆಂದು ಎತ್ತಿಟ್ಟಿದ್ದೆ. ಎಲೆಯಲ್ಲಿ ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುವ ಮಕ್ಕಳ ಬುದ್ಧಿ. ಆರು ದಿನ ಕಡಲು ಕೆರೆಯ ಹಾಗೆ ಮಲಗಿತ್ತು. ಏಳನೆಯ ದಿನ ಬೆಳಿಗ್ಗೆ ದಕ್ಕೆಗೆ ಹೋದರೆ ಟಿಕೆಟ್ ಕಿಟಕಿಯ ಮೇಲೆ ಕೈಬರಹದ ಒಂದು ಚೀಟಿ: ಗಾಳಿ ಜೋರಿದೆ, ಇವತ್ತು ದೋಣಿ ಇಲ್ಲ. ಸಂಜೆಗೆ ನನ್ನ ರೈಲು. ದ್ವೀಪ ಕಣ್ಣೆದುರಿಗೇ ಇತ್ತು, ಮರಗಳನ್ನು ಎಣಿಸುವಷ್ಟು ಹತ್ತಿರ.

ತಪ್ಪು ಗಾಳಿಯದಲ್ಲ, ನನ್ನ ಪಟ್ಟಿಯದು. ಬೆಟ್ಟದೂರಿಗೋ ಅರಮನೆಯ ಊರಿಗೋ ಹೋಗುವಾಗ ಯಾವ ದಿನ ಏನು ಎಂಬುದನ್ನು ಹೆಚ್ಚುಕಡಿಮೆ ನಾವೇ ಗೊತ್ತುಮಾಡಬಹುದು. ಕಡಲ ಊರಿನಲ್ಲಿ ವೇಳಾಪಟ್ಟಿಯ ಅರ್ಧ ಕಡಲಿನ ಕೈಯಲ್ಲಿರುತ್ತದೆ. ಅದಾದ ಮೇಲೆ ನಾನು ಇಟ್ಟುಕೊಂಡ ನಿಯಮ ಒಂದೇ: ನೀರಿನ ಮೇಲಿನ ಕೆಲಸವೆಲ್ಲ ವಾರದ ಮೊದಲರ್ಧಕ್ಕೆ, ಅದು ತಪ್ಪಿದರೆ ಎರಡನೆಯ ಸಲ ಹೋಗಲು ಉತ್ತರಾರ್ಧದಲ್ಲಿ ಒಂದು ಖಾಲಿ ದಿನ. ಕೆಳಗಿರುವ ಹೆಜ್ಜೆಗಳೆಲ್ಲ ಈ ನಿಯಮದ ಸುತ್ತಲೇ ಕಟ್ಟಿದವು. ಯಾವ ಖಂಡದ ಕಡಲ ಊರಿಗೆ ಹೊರಟರೂ ಇವು ಬದಲಾಗುವುದಿಲ್ಲ.

ಹೆಜ್ಜೆ 1: ತಿಂಗಳು ಆರಿಸುವುದು

ಬೇಸಿಗೆ ಬಂತು, ಬೀಚಿಗೆ ಹೋಗೋಣ ಅನ್ನುವ ಲೆಕ್ಕ ಎಲ್ಲ ಕಡಲುಗಳಿಗೂ ಹೊಂದುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಕರಾವಳಿಯಲ್ಲಿ ಬೇಸಿಗೆಯ ಹೊತ್ತಿಗೆ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ಮಂಜಾಗಿ ನಗರದೊಳಗೆ ನುಗ್ಗುತ್ತದೆ. ಜುಲೈಯಲ್ಲಿ ಚಡ್ಡಿ, ಟೀ ಶರ್ಟು ತುಂಬಿಕೊಂಡು ಹೋದವರು ಮೊದಲು ಹುಡುಕುವುದು ಸ್ವೆಟರ್ ಅಂಗಡಿಯನ್ನು. ಅಲ್ಲಿ ನಿಜವಾಗಿ ಬಿಸಿಲು ಕಾಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೇಪ್ ಟೌನ್‌ನದು ಬೇರೆ ಬಗೆ. ಪ್ರವಾಸಿಗರು ಮುಗಿಬೀಳುವ ಡಿಸೆಂಬರ್, ಜನವರಿಯಲ್ಲೇ ಆಗ್ನೇಯದ ಗಾಳಿ ಅಬ್ಬರಿಸುವುದು. ಗಾಳಿ ಜೋರಾದ ದಿನ ಟೇಬಲ್ ಮೌಂಟನ್ನಿನ ಕೇಬಲ್ ಕಾರ್ ನಿಲ್ಲುತ್ತದೆ, ನೆಲ್ಸನ್ ಮಂಡೇಲಾ 18 ವರ್ಷ ಸೆರೆಯಲ್ಲಿದ್ದ ರಾಬೆನ್ ದ್ವೀಪಕ್ಕೆ ಹೋಗುವ ಫೆರಿಯೂ ನಿಲ್ಲಬಹುದು. ಆ ಎರಡಕ್ಕೇ ಎಂದು ಹೋದವರ ಪಾಡು ಊಹಿಸಿಕೊಳ್ಳಿ.

ಆದ್ದರಿಂದ ಊರಿನ ಸರಾಸರಿ ಉಷ್ಣಾಂಶವನ್ನು ಮಾತ್ರ ನೋಡಿ ತಿಂಗಳು ಗೊತ್ತುಮಾಡಬೇಡಿ. ಗಾಳಿ ಯಾವ ತಿಂಗಳು ಹೆಚ್ಚು, ಮಳೆ ಎಷ್ಟು ದಿನ, ಮಂಜು ಉಂಟೇ, ನೀರಿನ ಉಷ್ಣಾಂಶ ಎಷ್ಟು, ಈ ನಾಲ್ಕನ್ನು ಬೇರೆಬೇರೆಯಾಗಿ ನೋಡಿ. ನೀರಿನ ಉಷ್ಣಾಂಶವನ್ನು ಹೆಚ್ಚಿನವರು ಮರೆಯುತ್ತಾರೆ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಉತ್ತರಾರ್ಧಗೋಳದ ಸಮಶೀತೋಷ್ಣ ಊರುಗಳಲ್ಲಿ ಬಿಸಿಲು ಜೂನ್‌ನಲ್ಲೇ ಸುಡುತ್ತಿದ್ದರೂ ನೀರು ತನ್ನ ಪೂರ್ತಿ ಬಿಸಿ ಮುಟ್ಟುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಮೇ ತಿಂಗಳಲ್ಲಿ ಚಿತ್ರದ ಹಾಗೆ ಕಾಣುವ ನೀಲಿ ನೀರಿಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೋಗುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಬಿರುಗಾಳಿಯ ಕಾಲವನ್ನು ಅದೃಷ್ಟಕ್ಕೆ ಬಿಡಬಾರದು. ಅಟ್ಲಾಂಟಿಕ್, ಕೆರಿಬಿಯನ್ ಕಡೆ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ, ಅದರ ತುತ್ತತುದಿ ಸೆಪ್ಟೆಂಬರ್. ಬಂಗಾಳ ಕೊಲ್ಲಿಗೆ ಎರಡು ಕಾಲ: ಮುಂಗಾರಿಗೆ ಮೊದಲು ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ದಕ್ಷಿಣಾರ್ಧಗೋಳದ ಉಷ್ಣವಲಯದಲ್ಲಿ ನವೆಂಬರ್‌ನಿಂದ ಏಪ್ರಿಲ್. ಋತುವಿನಲ್ಲಿ ಹೋಗಲೇಬಾರದು ಅಂತಲ್ಲ. ಹೋಗುವುದಾದರೆ ಪೂರ್ತಿ ಹಣ ವಾಪಸಾಗುವ ಬುಕಿಂಗ್ ಮಾತ್ರ ಮಾಡಿ, ವಿಮೆಯ ಷರತ್ತು ಓದಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಅದೇ ಚಂಡಮಾರುತದಿಂದಾದ ನಷ್ಟ ಕೊಡುವುದಿಲ್ಲ ಅನ್ನುವುದು ಸಾಮಾನ್ಯವಾದ ಷರತ್ತು.

ಕಡಲಿನದೇ ಆದ ಸಣ್ಣ ಕಾಟಗಳೂ ಇವೆ. ಆಸ್ಟ್ರೇಲಿಯಾದ ಉತ್ತರ ತೀರದ ಕೇರ್ನ್ಸ್, ಡಾರ್ವಿನ್ ಊರುಗಳಲ್ಲಿ ಸುಮಾರು ನವೆಂಬರ್‌ನಿಂದ ಮೇವರೆಗೆ ಪ್ರಾಣಾಂತಿಕ ವಿಷದ ಬಾಕ್ಸ್ ಜೆಲ್ಲಿಮೀನುಗಳ ಕಾಲ. ಬಲೆ ಕಟ್ಟಿದ ಜಾಗ ಬಿಟ್ಟು ನೀರಿಗಿಳಿಯುವ ಹಾಗಿಲ್ಲ. ಕೆರಿಬಿಯನ್ ತೀರಗಳಿಗೆ 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ಬಂದು ಬೀಳುತ್ತಿದೆ. ಅದು ಕೊಳೆತ ದಿನ ಬೀಚಿನ ಹತ್ತಿರ ನಿಲ್ಲಲಾಗದು. ಹೋಟೆಲಿನ ಜಾಹೀರಾತಿನಲ್ಲಿ ಇದರ ಸುದ್ದಿ ಇರುವುದಿಲ್ಲ. ಕಳೆದ ವರ್ಷ ಅದೇ ತಿಂಗಳಲ್ಲಿ ಹೋಗಿಬಂದವರು ಹಾಕಿದ ಫೋಟೊಗಳಲ್ಲಿ ಇರುತ್ತದೆ.

ನನ್ನ ಆಯ್ಕೆ ಕೇಳಿದರೆ, ಜನಜಂಗುಳಿಯ ಋತು ಮುಗಿದ ಮೊದಲ ಎರಡು ವಾರ. ನೀರಿನಲ್ಲಿ ಬಿಸಿ ಇನ್ನೂ ಉಳಿದಿರುತ್ತದೆ, ಶಾಲೆಗಳು ಶುರುವಾಗಿರುತ್ತವೆ, ಫೆರಿಗಳ ವೇಳಾಪಟ್ಟಿ ಇನ್ನೂ ಕುಗ್ಗಿರುವುದಿಲ್ಲ.

ಹೆಜ್ಜೆ 2: ತಾರೀಖು ಗಟ್ಟಿಮಾಡುವ ಮುನ್ನ ಚಂದ್ರನನ್ನು ನೋಡಿ

ಇದನ್ನು ಓದಿ ನಗುವವರಿದ್ದಾರೆ. ನಗಲಿ. ಕಡಲ ಊರಿಗೆ ಹೋಗುವವರಿಗೆ ಪಂಚಾಂಗ ನಿಜಕ್ಕೂ ಕೆಲಸಕ್ಕೆ ಬರುವ ಪುಸ್ತಕ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುತ್ತದೆ. ಆಗ ಉಬ್ಬರ ತುಂಬ ಮೇಲಕ್ಕೆ ಬರುತ್ತದೆ, ಇಳಿತ ತುಂಬ ಕೆಳಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಇದರ ಪೂರ್ತಿ ಜೋರು ಕಾಣುವುದು ತಿಥಿ ಕಳೆದು ಒಂದೆರಡು ದಿನಕ್ಕೆ. ಅಷ್ಟಮಿಯ ಹೊತ್ತಿಗೆ ಎರಡರ ಸೆಳೆತ ಅಡ್ಡಡ್ಡ ಆಗಿ ಉಬ್ಬರವೂ ಸಾಧಾರಣ, ಇಳಿತವೂ ಸಾಧಾರಣ. ಹುಣ್ಣಿಮೆಯಿಂದ ಅಷ್ಟಮಿಗೆ ಒಂದು ವಾರ. ಅಂದರೆ ಏಳು ದಿನದ ಪ್ರವಾಸದೊಳಗೆ ಕಡಲು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬದಲಾಗುತ್ತದೆ. ಬಂಡೆಗಳ ನಡುವಿನ ನೀರಿನ ಹೊಂಡಗಳಲ್ಲಿ ನಕ್ಷತ್ರಮೀನು, ಏಡಿ ನೋಡುವ ಆಸೆಯಿದ್ದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ವಾರದ ಶುರುವಿಗೆ ಬರುವ ಹಾಗೆ ತಾರೀಖು ಹಿಡಿಯಿರಿ. ಮಕ್ಕಳಿಗೆ ಅಗಲವಾದ, ಗಡಿಬಿಡಿ ಮಾಡದ ನೀರು ಬೇಕಾದರೆ ಅಷ್ಟಮಿ ವಾರದ ನಡುವೆ ಬರಲಿ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಹೆಚ್ಚಿನ ತೀರಗಳಲ್ಲಿ 24 ಗಂಟೆ 50 ನಿಮಿಷಕ್ಕೆ ಎರಡು ಉಬ್ಬರ, ಎರಡು ಇಳಿತ. ಹಾಗಾಗಿ ಪ್ರತಿ ದಿನ ಎಲ್ಲವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಬೆಳಿಗ್ಗೆ 8 ಗಂಟೆಗೆ ಇಳಿತವಿದ್ದರೆ ಏಳನೆಯ ದಿನ ಅದು ಮಧ್ಯಾಹ್ನ 1ಕ್ಕೆ. ಮೊದಲ ದಿನ ಬೆಳಿಗ್ಗೆ ಮೈಲುದ್ದ ಕಂಡ ಮರಳು ಏಳನೆಯ ದಿನ ಅದೇ ಹೊತ್ತಿಗೆ ಹೋದರೆ ನೀರಡಿ. ಬೆಳಗಿನ ನಡಿಗೆಗೆ ಆ ಬೀಚ್ ಎಂದು ಬರೆದಿಟ್ಟುಕೊಂಡವರು ಯಾವ ದಿನ ಎಂದೂ ಬರೆದುಕೊಳ್ಳಬೇಕು.

ಎಲ್ಲ ಊರಿಗೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೆಡಿಟರೇನಿಯನ್ನಿನ ಹೆಚ್ಚಿನ ಊರುಗಳಲ್ಲಿ ಏರಿಳಿತ ಗಮನಕ್ಕೇ ಬಾರದಷ್ಟು ಕಡಿಮೆ. ಬಾಲ್ಟಿಕ್‌ನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಫ್ರಾನ್ಸಿನ ಸ್ಯಾಂ ಮಾಲೊ ಊರಿನಲ್ಲಾದರೆ ದೊಡ್ಡ ತಿಥಿಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ 12 ಮೀಟರಿನಷ್ಟು ಅಂತರ, ನಾಲ್ಕು ಮಹಡಿ ಕಟ್ಟಡದ ಎತ್ತರ. ಅಲ್ಲಿ ಸಾಹಿತಿ ಶಟೋಬ್ರಿಯಾಂ ಸಮಾಧಿಯಿರುವ ಗ್ರಾಂ ಬೇ ದ್ವೀಪಕ್ಕೆ ಇಳಿತದಲ್ಲಿ ನಡೆದೇ ಹೋಗಬಹುದು. ತಡಮಾಡಿದರೆ ದಾರಿ ಮುಳುಗಿ ಮುಂದಿನ ಇಳಿತದವರೆಗೆ ದ್ವೀಪವಾಸ. ಮುಂಬಯಿಯ ಹಾಜಿ ಅಲಿ ದರ್ಗಾದ ಕಾಲುದಾರಿಗೂ ಉಬ್ಬರದಲ್ಲಿ ಅದೇ ಗತಿ. ಕೆನಡಾದ ಸೇಂಟ್ ಜಾನ್ ಊರಿನಲ್ಲಿ ಫಂಡಿ ಕೊಲ್ಲಿಯ ಉಬ್ಬರ ಎಷ್ಟು ಬಲವಾಗಿ ನುಗ್ಗುತ್ತದೆಂದರೆ ನದಿಯೇ ಹಿಂದಕ್ಕೆ ಹರಿಯುತ್ತದೆ. ಅಂಥ ಜಾಗವನ್ನು ಒಂದೇ ದಿನ ಎರಡು ಸಲ ನೋಡಬೇಕು, ಒಮ್ಮೆ ಉಬ್ಬರದಲ್ಲಿ, ಒಮ್ಮೆ ಇಳಿತದಲ್ಲಿ. ಒಂದೇ ಸಲ ನೋಡಿದವರು ನೋಡಿದ್ದು ಬರೀ ಒಂದು ನದಿ.

ಉಬ್ಬರ ಇಳಿತದ ಪಟ್ಟಿ ಬಂದರಿನ ಅಥವಾ ಹವಾಮಾನ ಇಲಾಖೆಯ ತಾಣದಲ್ಲಿ ತಿಂಗಳುಗಟ್ಟಲೆ ಮುಂಚೆಯೇ ಸಿಗುತ್ತದೆ. ಒಂದು ಎಚ್ಚರ: ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಆ ಗಂಟೆಯನ್ನು ಸೇರಿಸಿರುವುದಿಲ್ಲ. ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.

ಹೆಜ್ಜೆ 3: ಉಳಿಯುವ ಜಾಗ

ಬೀಚಿಗೆ ಅಂಟಿದ ಕೋಣೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೀಚಿಗೆ ದಿನಕ್ಕೊಮ್ಮೆ ಹೋಗುತ್ತೀರಿ. ಉಳಿದ ಹೊತ್ತೆಲ್ಲ ಊರಿನೊಳಗೆ, ದಕ್ಕೆಯಲ್ಲಿ, ರೈಲಿನಲ್ಲಿ. ಫೆರಿ ದಕ್ಕೆ, ರೈಲು ನಿಲ್ದಾಣ ಎರಡಕ್ಕೂ ಹದಿನೈದು ನಿಮಿಷದ ನಡಿಗೆಯಲ್ಲಿರುವ ಕೋಣೆ ಹಿಡಿದರೆ ವಾರದಲ್ಲಿ ಎಷ್ಟೋ ಗಂಟೆ ಉಳಿಯುತ್ತದೆ. ಬೆಳಗಿನ ಮೊದಲ ದೋಣಿ ಹಿಡಿಯುವುದು ಸುಲಭವಾಗುತ್ತದೆ. ಮೊದಲ ದೋಣಿಯ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಬೀಚಿನ ಮಗ್ಗುಲಲ್ಲೇ ಇರಬೇಕೆಂಬ ಹಟವಿದ್ದರೆ ದಿಕ್ಕು ನೋಡಿ. ಪಶ್ಚಿಮಕ್ಕೆ ಮುಖಮಾಡಿದ ತೀರದಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಪೂರ್ವದ ತೀರದಲ್ಲಿ ಕಡಲಿನಿಂದ ಏಳುತ್ತಾನೆ. ಸಂಜೆಯ ಕೆಂಪು ಕಾಣುತ್ತದೆಂದು ಪೂರ್ವ ತೀರದ ಕೋಣೆಗೆ ಹೆಚ್ಚು ಕೊಟ್ಟವರನ್ನು ನಾನು ಬಲ್ಲೆ. ಪಶ್ಚಿಮದ ಕಿಟಕಿ ಮಧ್ಯಾಹ್ನ ಮೂರರಿಂದ ಕೋಣೆಯನ್ನು ಒಲೆ ಮಾಡುತ್ತದೆ ಎನ್ನುವುದೂ ನೆನಪಿರಲಿ. ಸಮುದ್ರ ಕಾಣುವ ಕೋಣೆ ಎಂದು ಬರೆದಿದ್ದರೆ ಉಪಗ್ರಹದ ನಕ್ಷೆ ತೆರೆದು ಕೋಣೆಗೂ ಕಡಲಿಗೂ ನಡುವೆ ಯಾವ ಕಟ್ಟಡವಿದೆ ನೋಡಿ. ಸ್ನಾನದ ಮನೆಯ ಕಿಟಕಿಯಲ್ಲಿ ಕತ್ತು ಚಾಚಿದರೆ ಕಾಣುವ ಕಡಲೂ ಕಾಗದದ ಮೇಲೆ ಕಡಲೇ.

ಗುಡ್ಡದ ಮೇಲೆ ಕಟ್ಟಿದ ಬಂದರು ಊರುಗಳಲ್ಲಿ ನಕ್ಷೆಯ ದೂರ ಮೋಸಮಾಡುತ್ತದೆ. ಲಿಸ್ಬನ್‌ನಲ್ಲಿ 400 ಮೀಟರ್ ಎಂದರೆ ನೂರಾರು ಮೆಟ್ಟಿಲು ಆಗಬಹುದು. ಚಿಲಿಯ ವಾಲ್ಪರೈಸೊದಲ್ಲಿ 1883ರಿಂದಲೇ ಜನರನ್ನು ಗುಡ್ಡ ಹತ್ತಿಸಲು ಹಳಿಯ ಮೇಲಿನ ಲಿಫ್ಟುಗಳಿವೆ, ಸುಮ್ಮನೆ ಕಟ್ಟಿದ್ದಲ್ಲ. ಮೊಣಕಾಲು ನೋವಿನವರು ಜೊತೆಯಲ್ಲಿದ್ದರೆ ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ತೆರೆದೇ ಕೋಣೆ ಹುಡುಕಿ. ತಗ್ಗಿನ ಊರಿಗೆ ತಗ್ಗಿನದೇ ತಾಪತ್ರಯ. ವೆನಿಸ್‌ನಲ್ಲಿ ಶರತ್ಕಾಲ, ಚಳಿಗಾಲದ ದೊಡ್ಡ ಉಬ್ಬರಕ್ಕೆ ಬೀದಿಗೆ ನೀರು ಬರುತ್ತಿತ್ತು. 2020ರಿಂದ ಕೊಲ್ಲಿಯ ಬಾಯಿಗೆ ಮೋಸೆ ಎಂಬ ಏಳುವ ಗೋಡೆಗಳನ್ನು ಹಾಕಿ ದೊಡ್ಡ ಉಬ್ಬರಗಳನ್ನು ತಡೆಯುತ್ತಿದ್ದಾರೆ. ಆದರೂ ಅಂಥ ಊರುಗಳಲ್ಲಿ ನೆಲಮಹಡಿಯ ಕೋಣೆ ನಾನು ಹಿಡಿಯುವುದಿಲ್ಲ.

ವಾರದ ನಡುವೆ ಕೋಣೆ ಬದಲಿಸಬೇಡಿ. ಕಟ್ಟುವುದು, ಬಿಚ್ಚುವುದು, ಕಾಯುವುದು ಸೇರಿ ಅರ್ಧ ದಿನ ಹೋಗುತ್ತದೆ.

ಹೆಜ್ಜೆ 4: ಏಳು ದಿನದ ಚೌಕಟ್ಟು

ಭಾನುವಾರ ಮಧ್ಯಾಹ್ನ ಊರು ತಲುಪುವುದು ನನಗೆ ಹಿಡಿಸಿದ ಕ್ರಮ. ವಾರಾಂತ್ಯದ ಗುಂಪು ಊರು ಬಿಡುವ ಹೊತ್ತಿಗೆ ನಾವು ಒಳಗೆ ಕಾಲಿಡುತ್ತೇವೆ. ಮರುದಿನ ಸೋಮವಾರ, ಜಗತ್ತಿನ ಬಹಳಷ್ಟು ವಸ್ತುಸಂಗ್ರಹಾಲಯಗಳಿಗೆ ರಜೆ, ನೀರಿನ ಮೇಲೆ ಹೋಗಲು ಹೇಳಿಮಾಡಿಸಿದ ದಿನ. ಆದರೆ ಹೋಗುವ ದ್ವೀಪಕ್ಕೇ ಅಂದು ರಜೆಯಿದೆಯೇ ನೋಡಿಕೊಳ್ಳಿ. ಮುಂಬಯಿಯ ಎಲಿಫೆಂಟಾ ಗುಹೆಗಳ ಬಾಗಿಲು ಸೋಮವಾರ ಮುಚ್ಚಿರುತ್ತದೆ. ಲಿಸ್ಬನ್ನಿನ ಜೆರೋನಿಮೊಸ್ ಮಠಕ್ಕೂ ಸೋಮವಾರ ರಜೆ, ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಗೆ ಮಂಗಳವಾರ. ನೋಡಬೇಕಾದ ಐದು ಜಾಗದ ಎದುರಿಗೆ ವಾರದ ರಜೆಯನ್ನು ಬರೆದಿಟ್ಟುಕೊಂಡರೆ ಅರ್ಧ ಪಟ್ಟಿ ತಾನಾಗಿ ಕೂಡಿಬರುತ್ತದೆ.

ಮೊದಲ ದಿನ. ಪಟ್ಟಿಗೆ ಏನೂ ಹಾಕಿಕೊಳ್ಳಬೇಡಿ, ಊರಿನವರು ಕೆಲಸಕ್ಕೆ ಹೋಗಿಬರುವ ಫೆರಿ ಹತ್ತಿ ಒಂದು ಸುತ್ತು ಹೋಗುವುದು ಬಿಟ್ಟು. ಪ್ರವಾಸಿಗರಿಗೆಂದೇ ಇರುವ ದೋಣಿಗಿಂತ ಇದು ಎಷ್ಟೋ ಪಾಲು ಮೇಲು. ಇಸ್ತಾಂಬುಲಿನಲ್ಲಿ ಎಮಿನೊನು ದಕ್ಕೆಯಿಂದ ಕಾದಿಕೊಯ್‌ಗೆ ಹೋಗುವ ಫೆರಿಯಲ್ಲಿ ಯುರೋಪಿನಿಂದ ಏಷ್ಯಾಕ್ಕೆ ದಾಟಿಬಿಡುತ್ತೀರಿ. ಸಿಡ್ನಿಯ ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಅರ್ಧ ಗಂಟೆ, ಆಪೆರಾ ಹೌಸಿನ ಮಗ್ಗುಲಲ್ಲೇ ದಾರಿ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್ ಫೆರಿಗೆ ಟಿಕೆಟ್ಟೇ ಇಲ್ಲ, ಸ್ವಾತಂತ್ರ್ಯ ದೇವಿಯ ಪ್ರತಿಮೆ ದಾರಿಯಲ್ಲೇ ಸಿಗುತ್ತದೆ. ಕಡಲಿನ ಕಡೆಯಿಂದ ಒಮ್ಮೆ ನೋಡಿದರೆ ಊರಿನ ನಕ್ಷೆ ತಲೆಯಲ್ಲಿ ಕೂತುಬಿಡುತ್ತದೆ: ಬಂದರು ಎಲ್ಲಿ, ಹಳೆಯ ಪೇಟೆ ಎಲ್ಲಿ, ಗುಡ್ಡ ಯಾವ ಕಡೆ. ಬಂದರಿನ ಊರುಗಳು ಬೆಳೆದಿದ್ದೇ ನೀರಿನ ಕಡೆಯಿಂದ ಬಂದವರ ಕಣ್ಣಿಗೆ ಕಾಣುವ ಹಾಗೆ. ಅದೇ ಸಂಜೆ ನಾಳೆಯ ದೋಣಿಯ ಟಿಕೆಟ್ ಕಿಟಕಿಯಲ್ಲಿ ಒಂದು ಮಾತು ಕೇಳಿ: ನಾಳೆ ಗಾಳಿ ಹೇಗೆ? ಅಲ್ಲಿ ಕೂತವರಿಗೆ ಆ್ಯಪಿಗಿಂತ ಹೆಚ್ಚು ಗೊತ್ತಿರುತ್ತದೆ.

ಎರಡನೆಯ ದಿನ. ದೊಡ್ಡ ದೋಣಿ ಪ್ರಯಾಣ, ಮೊದಲ ಸರದಿಯಲ್ಲೇ. ಕಾರಣ ಗಾಳಿಯ ದಿನಚರಿ. ಬಿಸಿಲೇರಿದ ಹಾಗೆ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ತೆರಪಿಗೆ ಕಡಲಿನಿಂದ ಗಾಳಿ ಬೀಸುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಶುರುವಾಗಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಜೋರು. ಏಳು ಗಂಟೆಗೆ ಕನ್ನಡಿಯಂತಿದ್ದ ನೀರು ಮೂರಕ್ಕೆ ಬಿಳಿ ನೊರೆ ಕಟ್ಟಿಕೊಂಡು ಕುಣಿಯುತ್ತದೆ. ಹೊಟ್ಟೆ ತೊಳಸುವವರು ಮೊದಲ ದೋಣಿ ಬಿಡಲೇಬಾರದು. ದೋಣಿಯ ನಡುಭಾಗದಲ್ಲಿ, ಕೆಳಗಿನ ಅಟ್ಟದಲ್ಲಿ, ಹೊರಗೆ ಕಾಣುವ ಕಡೆ ಕೂತು ದಿಗಂತದ ಗೆರೆಯ ಮೇಲೆ ಕಣ್ಣು ನೆಡಿ. ಮೊಬೈಲು ಜೇಬಿನಲ್ಲಿರಲಿ. ಮಾತ್ರೆ ನುಂಗುವುದಾದರೆ ಹೊರಡುವ ಮುನ್ನ, ವಾಕರಿಕೆ ಬಂದ ಮೇಲೆ ಅದು ಏನೂ ಮಾಡದು.

ಮೂರನೆಯ ದಿನ ಹಳೆಯ ಪೇಟೆ, ಕೋಟೆ, ವಸ್ತುಸಂಗ್ರಹಾಲಯ. ಇಲ್ಲಿ ಯೋಚಿಸಬೇಕಾದ್ದು ದೊಡ್ಡ ಪ್ರವಾಸಿ ಹಡಗುಗಳ ಬಗ್ಗೆ. ಒಂದೊಂದರಿಂದ ಸಾವಿರಾರು ಜನ ಒಟ್ಟಿಗೆ ಇಳಿಯುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದರ ಹೊತ್ತಿಗೆ ವಾಪಸ್ ಹತ್ತುತ್ತಾರೆ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನ ಗೋಡೆಯೊಳಗಿನ ಊರು ಇದನ್ನು ತಡೆಯಲಾಗದೆ 2019ರಲ್ಲಿ ಹಡಗು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ದಿನಕ್ಕೆ ಎರಡು ಹಡಗಿನ ಮಿತಿ ಹಾಕಿತು. ವೆನಿಸ್ 2024ರ ಏಪ್ರಿಲ್‌ನಿಂದ ಕೆಲವು ದಿನಗಳಲ್ಲಿ ಹಗಲು ಮಾತ್ರ ಬಂದುಹೋಗುವವರಿಗೆ ಪ್ರವೇಶ ಶುಲ್ಕ ಇಟ್ಟಿದೆ. ಯಾವ ದಿನ ಎಷ್ಟು ಹಡಗು ಬರುತ್ತವೆ ಎಂಬುದು ಬಹಳಷ್ಟು ಬಂದರುಗಳ ತಾಣದಲ್ಲಿ ಮುಂಚೆಯೇ ಇರುತ್ತದೆ. ಹಡಗಿಲ್ಲದ ದಿನಕ್ಕೆ ಹಳೆಯ ಪೇಟೆಯನ್ನು ಸರಿಸಿ. ಆಗದಿದ್ದರೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಇಲ್ಲವೇ ಸಂಜೆ ಐದರ ನಂತರ. ರಾತ್ರಿ ಉಳಿದವರಿಗೆ ಸಿಗುವ ಊರೇ ಬೇರೆ.

ನಾಲ್ಕನೆಯ ದಿನದ ಎದುರಿಗೆ ಏನನ್ನೂ ಬರೆಯಬೇಡಿ. ಎರಡನೆಯ ದಿನದ ದೋಣಿ ರದ್ದಾಗಿದ್ದರೆ ಅದು ಇಲ್ಲಿಗೆ. ರದ್ದಾಗದಿದ್ದರೆ ಬಟ್ಟೆ ಒಗೆಯಿರಿ, ಮಧ್ಯಾಹ್ನ ಮಲಗಿ, ಮೀನುದೋಣಿಗಳು ದಡ ಸೇರುವ ಹೊತ್ತಿಗೆ ದಕ್ಕೆಯ ಮೇಲೆ ನಿಂತು ನೋಡಿ. ವಾರದ ನಡುವೆ ಮೈ ಒಂದು ದಿನ ಕೇಳುತ್ತದೆ. ಕೊಡದಿದ್ದರೆ ಐದನೆಯ ದಿನ ಜ್ವರದ ರೂಪದಲ್ಲಿ ತೆಗೆದುಕೊಳ್ಳುತ್ತದೆ.

ಐದನೆಯ ದಿನ ಕರಾವಳಿಯುದ್ದಕ್ಕೆ ರೈಲೋ ಬಸ್ಸೋ ಹಿಡಿದು ಪಕ್ಕದ ಸಣ್ಣ ಊರಿಗೆ. ಹೋಗುವಾಗ ಕಡಲು ಕಾಣುವ ಬದಿಯ ಕಿಟಕಿ ಯಾವುದೆಂದು ನಕ್ಷೆ ನೋಡಿ ಕೂರುವುದು, ಅಷ್ಟೇ.

ಆರನೆಯ ದಿನ ಬೀಚ್, ಅಥವಾ ಇನ್ನೂ ಸಿಗದ ದ್ವೀಪಕ್ಕೆ ಕೊನೆಯ ಪ್ರಯತ್ನ. ಭಾನುವಾರ ಬಂದಿದ್ದರೆ ಇದು ಶುಕ್ರವಾರ, ವಾರಾಂತ್ಯದ ಜನ ಇನ್ನೂ ಬಂದಿರುವುದಿಲ್ಲ. ಏಳನೆಯ ದಿನ ಕೋಣೆಯಿಂದ ನಡೆದು ತಲುಪುವ ಜಾಗ ಬಿಟ್ಟು ಬೇರೇನೂ ಬೇಡ, ನೀರಿನ ಮೇಲಂತೂ ಏನೂ ಬೇಡ. ವಿಮಾನದ ದಿನ ದ್ವೀಪದಲ್ಲಿ ಸಿಕ್ಕಿಹಾಕಿಕೊಂಡರೆ ಯಾರ ಜೊತೆ ವಾದಿಸುತ್ತೀರಿ, ಅಲೆಯ ಜೊತೆಯೇ?

ಹೆಜ್ಜೆ 5: ಯಾವುದನ್ನು ಮುಂಚೆ ಬುಕ್ ಮಾಡಬೇಕು

ಕೋಣೆ, ಬರುವ ಹೋಗುವ ಟಿಕೆಟು, ಜನರ ಸಂಖ್ಯೆಗೆ ಮಿತಿಯಿರುವ ಒಂದು ಜಾಗ. ಮುಂಚೆ ಕಟ್ಟಬೇಕಾದ್ದು ಈ ಮೂರೇ. ದೋಣಿಯನ್ನು ಮುಂಚೆ ಕಟ್ಟಲೇಬೇಕಾದರೆ ಗಾಳಿಗೆ ರದ್ದಾದಾಗ ಹಣ ಕೊಡುತ್ತಾರೋ, ಬೇರೆ ದಿನಕ್ಕೆ ಬದಲಿಸುತ್ತಾರೋ ಓದಿಕೊಳ್ಳಿ. ಬದಲಿಸುವವರಾದರೆ ಎರಡನೆಯ ದಿನಕ್ಕೇ ಬುಕ್ ಮಾಡಿ, ನಾಲ್ಕು ಮತ್ತು ಆರು ಕೈಯಲ್ಲಿರುತ್ತವೆ.

ಹೆಜ್ಜೆ 6: ಮುನ್ಸೂಚನೆ ಓದುವುದು

ಹೊರಡಲು ಐದು ದಿನ ಇರುವಾಗಿನಿಂದ ಕಡಲಿನ ಮುನ್ಸೂಚನೆ ನೋಡಲು ಶುರುಮಾಡಿ. ಮೊಬೈಲಿನಲ್ಲಿ ಬರುವ ಮೋಡ, ಸೂರ್ಯನ ಚಿತ್ರ ಸಾಲದು. ಭಾರತದ ಕರಾವಳಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ, ಅಮೆರಿಕಕ್ಕೆ ನೋವಾ, ಬ್ರಿಟನ್ನಿಗೆ ಮೆಟ್ ಆಫೀಸ್, ಹೀಗೆ ಆಯಾ ದೇಶದ ಸರ್ಕಾರಿ ಸಂಸ್ಥೆಗಳೇ ಅಲೆ, ಗಾಳಿಯ ಅಂಕಿ ಕೊಡುತ್ತವೆ.

ಗಾಳಿಯನ್ನು ನಾಟ್‌ನಲ್ಲಿ ಹೇಳುತ್ತಾರೆ. 1 ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. 10 ನಾಟ್‌ವರೆಗೆ ಸುಖ. 15ರ ಹೊತ್ತಿಗೆ ಅಲೆಗಳ ನೆತ್ತಿ ಬೆಳ್ಳಗಾಗುತ್ತದೆ. 20 ದಾಟಿದರೆ ಸಣ್ಣ ದೋಣಿಗೆ ನಾನು ಹತ್ತುವುದಿಲ್ಲ, ಅವರು ಕರೆದರೂ.

ಅಲೆಯ ಎತ್ತರ 1.5 ಮೀಟರ್ ಎಂದಿದ್ದರೆ ಎಲ್ಲ ಅಲೆಯೂ ಅಷ್ಟೇ ಎಂದು ತಿಳಿಯಬಾರದು. ಅದು ಬಂದ ಅಲೆಗಳಲ್ಲಿ ಎತ್ತರದ ಮೂರನೆಯ ಒಂದು ಪಾಲಿನ ಸರಾಸರಿ. ಆಗಾಗ ಬರುವ ಒಂದು ಅಲೆ ಅದರ ಎರಡರಷ್ಟಿರಬಹುದು. ಬಂಡೆಯ ಮೇಲೆ ಫೋಟೊ ತೆಗೆಸಿಕೊಳ್ಳಲು ನಿಂತವರನ್ನು ಎಳೆದೊಯ್ಯುವುದು ಆ ಒಂದು ಅಲೆ. ಬಂಡೆ ಒದ್ದೆಯಾಗಿದ್ದರೆ ಅಲ್ಲಿಯವರೆಗೆ ನೀರು ಬಂದಿದೆ ಎಂದರ್ಥ, ಮತ್ತೆಯೂ ಬರುತ್ತದೆ. ಇಷ್ಟು ಓದಲು ಯಾವ ಮುನ್ಸೂಚನೆಯೂ ಬೇಡ.

ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಕೊಟ್ಟಿರುತ್ತಾರೆ. 5, 6 ಸೆಕೆಂಡಿನವು ಹತ್ತಿರದ ಗಾಳಿ ಎಬ್ಬಿಸಿದ ಚಿಲ್ಲರೆ ಅಲೆಗಳು, ಹೊಟ್ಟೆ ತೊಳಸುವುದು ಇವೇ. 14, 15 ಸೆಕೆಂಡಿನವು ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಹೊರಟು ಬಂದವು. ನಡುನೀರಿನಲ್ಲಿ ಇವು ಗೊತ್ತೇ ಆಗುವುದಿಲ್ಲ, ದಡ ಮುಟ್ಟಿದಾಗ ಎದ್ದುನಿಲ್ಲುತ್ತವೆ. ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ ಎದ್ದ ಅಲೆಗಳು ಹೀಗೆ ದಿನಗಟ್ಟಲೆ ಸಾಗಿ, ಗಾಳಿಯ ಸುಳಿವೇ ಇಲ್ಲದ ಬಿಸಿಲಿನ ದಿನ ಕೇರಳದ ತೀರಕ್ಕೆ ನುಗ್ಗುತ್ತವೆ. ಅಲ್ಲಿನವರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಇಂದು ಗಾಳಿಯಿಲ್ಲ, ಆದ್ದರಿಂದ ಅಲೆಯಿಲ್ಲ ಎನ್ನುವ ತರ್ಕ ಎಲ್ಲಿ ಎಡವುತ್ತದೆ ಎಂಬುದು ಆ ಹೆಸರಿನಲ್ಲೇ ಇದೆ.

ಹೆಜ್ಜೆ 7: ನೀರಿಗಿಳಿಯುವ ಮುನ್ನ

ಹತ್ತು ನಿಮಿಷ ದಡದಲ್ಲಿ ನಿಂತು ನೋಡಿ. ಮೊದಲು ಬಾವುಟ. ಬಹಳಷ್ಟು ದೇಶಗಳಲ್ಲಿ ಕೆಂಪು ಹಳದಿಯ ಎರಡು ಬಾವುಟಗಳ ನಡುವಿನ ಜಾಗವನ್ನು ಜೀವರಕ್ಷಕರು ಕಾಯುತ್ತಾರೆ. ಬರೀ ಕೆಂಪು ಎಂದರೆ ಅಪಾಯ, ಕೆಲವೆಡೆ ಎರಡು ಕೆಂಪು ಎಂದರೆ ನೀರಿಗೇ ಇಳಿಯಬಾರದು, ನೇರಳೆ ಎಂದರೆ ಜೆಲ್ಲಿಮೀನಿನಂಥ ಜೀವಿಗಳಿವೆ. ಆಯಾ ಬೀಚಿನ ಫಲಕದಲ್ಲಿ ಅರ್ಥ ಬರೆದಿರುತ್ತಾರೆ, ಓದದೆ ಮುಂದೆ ಹೋಗಬೇಡಿ.

ಆಮೇಲೆ ನೀರನ್ನು ನೋಡಿ. ಅಕ್ಕಪಕ್ಕ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಬಣ್ಣ ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತಿದೆಯೇ? ಹೊಸಬರು ಇಳಿಯಲು ಆರಿಸುವುದು ಆ ಜಾಗವನ್ನೇ. ಅದು ರಿಪ್ ಕರೆಂಟ್, ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಹರಿಯುವ ಕಾಲುವೆ. ಅದರಲ್ಲಿ ಸಿಕ್ಕವರು ದಡದ ಕಡೆ ಈಜಿ ಈಜಿ ದಣಿದು ಮುಳುಗುತ್ತಾರೆ. ಅದು ನೀರಿನ ಅಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಸಿಕ್ಕಿಬಿದ್ದರೆ ತೇಲುತ್ತ ಉಸಿರು ಹಿಡಿತಕ್ಕೆ ತನ್ನಿ, ಕೈ ಎತ್ತಿ ಸಹಾಯ ಕೇಳಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುತ್ತಿರುವ ಕಡೆಗೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಿ. ಇನ್ನೊಬ್ಬರನ್ನು ಉಳಿಸಲು ಬರಿಗೈಯಲ್ಲಿ ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ, ಕಾವಲಿನವರನ್ನು ಕೂಗಿ.

ನದಿ ಕಡಲು ಸೇರುವ ಅಳಿವೆಯಲ್ಲಿ, ಅದರಲ್ಲೂ ಇಳಿತದ ಹೊತ್ತಿನಲ್ಲಿ, ಸ್ನಾನ ಬೇಡವೇ ಬೇಡ. ನದಿಯ ನೀರೂ ಇಳಿತದ ನೀರೂ ಒಟ್ಟಿಗೆ ಹೊರಕ್ಕೆ ನುಗ್ಗುತ್ತವೆ.

ಭೂಕಂಪದ ಪ್ರದೇಶದ ಊರುಗಳಲ್ಲಿ, ಚಿಲಿ, ಜಪಾನ್‌ನಂಥ ಕಡೆ, ಸುನಾಮಿ ಬಂದರೆ ಓಡುವ ದಾರಿಯ ಫಲಕಗಳಿರುತ್ತವೆ. ಮೊದಲ ದಿನದ ನಡಿಗೆಯಲ್ಲೇ ಕೋಣೆಯ ಹತ್ತಿರದ ಫಲಕ ಎತ್ತ ತೋರಿಸುತ್ತದೆ ನೋಡಿಟ್ಟುಕೊಳ್ಳಿ. ನೆಲ ಬಹಳ ಹೊತ್ತು ನಡುಗಿದರೆ ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಸೈರನ್ನಿಗೆ ಕಾಯದೆ ಎತ್ತರಕ್ಕೆ.

ಹೆಜ್ಜೆ 8: ಚೀಲ

ಹಗುರಾಗಿರಲಿ, ಆದರೆ ಒಂದು ಗಾಳಿತಡೆ ಜಾಕೆಟ್ ಯಾವ ಋತುವಿನಲ್ಲೂ ಬಿಡಬೇಡಿ. ದೋಣಿಯ ಮೇಲಿನ ಗಾಳಿ ದಡದ ಬಿಸಿಲಿಗೆ ಸಂಬಂಧಪಟ್ಟದ್ದಲ್ಲ. ದಪ್ಪ ಜೀನ್ಸ್ ಉಪ್ಪುಗಾಳಿಯಲ್ಲಿ ಎರಡು ದಿನವಾದರೂ ಒಣಗದು, ತೆಳು ಬಟ್ಟೆ ಒಯ್ಯಿರಿ. ಬಂಡೆಗಳ ಮೇಲೆ ಓಡಾಡಲು ಹಿಂದೆ ಪಟ್ಟಿಯಿರುವ ಚಪ್ಪಲಿ, ಒಂದು ನೀರು ಹೋಗದ ಚೀಲ, ಔಷಧಿ. ಬಿಸಿಲಿನ ಕ್ರೀಮನ್ನು ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಹಚ್ಚಬೇಕು. ಛತ್ರಿಯಡಿ ಕೂತರೂ ಬಿಡುವಿಲ್ಲ, ಏಕೆಂದರೆ ಒಣ ಮರಳು ನೇರಳಾತೀತ ಕಿರಣದ ಸುಮಾರು 15 ಶೇಕಡಾ ಪಾಲನ್ನು, ಕಡಲ ನೊರೆ ಸುಮಾರು 25 ಶೇಕಡಾ ಪಾಲನ್ನು ವಾಪಸ್ ಚಿಮ್ಮಿಸುತ್ತದೆ. ಹವಳದ ದಿಬ್ಬಗಳಿರುವ ಕಡೆ ಹೋಗುವುದಾದರೆ ಕ್ರೀಮಿನ ಡಬ್ಬಿಯ ಹಿಂದೆ ಓದಿ. ಆಕ್ಸಿಬೆನ್‌ಜೋನ್, ಆಕ್ಟಿನೋಕ್ಸೇಟ್ ಇರುವ ಕ್ರೀಮುಗಳ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ.

ಹೆಜ್ಜೆ 9: ಹೊರಡುವ ಹಿಂದಿನ ರಾತ್ರಿ

ಕ್ಯಾಮೆರಾ, ಕನ್ನಡಕ, ಚೀಲದ ಜಿಪ್ಪು, ಮೊಬೈಲಿನ ಕವಚ ಎಲ್ಲವನ್ನೂ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಗಿಡಿ. ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಮನೆಗೆ ತಲುಪಿ ಹದಿನೈದು ದಿನಕ್ಕೆ ಜಿಪ್ಪು ಕಚ್ಚಿಕೊಂಡಾಗ ಗೊತ್ತಾಗುತ್ತದೆ. ಚಪ್ಪಲಿಯ ಮರಳನ್ನು ಕೋಣೆಯ ಬಚ್ಚಲಲ್ಲಿ ತೊಳೆಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಹೊರಗಿನ ನಲ್ಲಿಯಲ್ಲಿ ತೊಳೆಯಿರಿ. ಆಮೇಲೆ ಉಬ್ಬರದ ಪಟ್ಟಿ ಇನ್ನೊಮ್ಮೆ ತೆರೆದು ನೋಡಿ. ಬೆಳಿಗ್ಗೆ ಹೊರಡುವ ಮುನ್ನ ಇಳಿತ ಸಿಗುವಂತಿದ್ದರೆ ಅರ್ಧ ಗಂಟೆ ಬೇಗ ಎದ್ದು, ಒದ್ದೆ ಮರಳಿನ ಮೇಲೆ ನಡೆದು ಬನ್ನಿ. ಚಪ್ಪಲಿ ಕೈಯಲ್ಲಿರಲಿ, ಈಗಷ್ಟೇ ತೊಳೆದದ್ದು.